ಮೊದಲ ಬಸ್ಸಿನವರ ಫಿಲ್ಮು

ರಾಯಬಾಗದ ಆ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವ ಕೆಲಸಕ್ಕೆ ಸೇರಿ ನನಗೆ ಹನ್ನೊಂದು ವರ್ಷವಾಗಿತ್ತು. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ರಿಪೋರ್ಟು ತಡವಾಯಿತೆಂದು ಯಾರಾದರೂ ಬಾಗಿಲು ಬಡಿದರೆ, "ನನ್ನ ಕೈಯಾಗ ಐದು ನಿಮಿಷದ ಕೆಲಸ ಐತ್ರಿ. ತಡಾ ಆಗೋದು ನನ್ನಿಂದ ಅಲ್ಲ" ಎಂದು ಮುಖಕ್ಕೆ ಹೊಡೆದಂತೆ ಹೇಳಿ ಕಳಿಸುತ್ತಿದ್ದೆ.

ನಮ್ಮ ಪದ್ಧತಿ ಸರಳವಾಗಿತ್ತು. ಚಿತ್ರ ತೆಗೆದು, ಫಿಲ್ಮನ್ನು ಲಕೋಟೆಗೆ ಹಾಕಿ, ಪಕ್ಕದ ಕೋಣೆಯ ಮೇಜಿನ ಮೇಲೆ ಇಡುವುದು. ಅವನ್ನು ಓದಿ ರಿಪೋರ್ಟು ಬರೆಯುವ ಡಾಕ್ಟರು ಚಿಕ್ಕೋಡಿಯಿಂದ ಹನ್ನೊಂದಕ್ಕೆ ಬರುತ್ತಿದ್ದರು. ಅಷ್ಟರೊಳಗೆ ಅಲ್ಲೊಂದು ಗುಡ್ಡೆಯೇ ಆಗಿರುತ್ತಿತ್ತು. ಅವರು ಓದುತ್ತಿರುವಾಗಲೂ ನಾನು ಹೊಸ ಲಕೋಟೆ ತಂದು ಮೇಲೆ ಇಟ್ಟು ಹೋಗುತ್ತಿದ್ದೆ.

ಆ ದಿನ ನಾನು ಬಾಗಿಲು ತೆರೆಯುವ ಮೊದಲೇ ಬೆಂಚಿನ ಮೇಲೆ ಒಬ್ಬ ಅಜ್ಜ ಕುಳಿತಿದ್ದ. ಪಾಲಬಾವಿಯಿಂದ ಮೊದಲ ಬಸ್ಸಿಗೆ ಬಂದವನು. ದಮ್ಮು ಹತ್ತುತ್ತದೆ ಎಂದ. ದಮ್ಮಿಲ್ಲದ ಮುದುಕರು ಈ ಕಡೆ ಯಾರಿದ್ದಾರೆ ಎಂದುಕೊಂಡೆ. ಎದೆಯ ಚಿತ್ರ ನೆಟ್ಟಗೆ ಬಂದಿದೆಯೇ ಎಂದಷ್ಟೇ ನೋಡಿ, "ಹೊರಗ ಕುಂದರ್ರಿ ಅಜ್ಜಾ, ಕರೀತೀನಿ" ಎಂದೆ. ಆಮೇಲೆ ಎಷ್ಟು ಸಲ ಅದೇ ಬೆಂಚಿನ ಮುಂದೆ ಓಡಾಡಿದೆನೋ, ಅವನತ್ತ ತಿರುಗಿಯೂ ನೋಡಲಿಲ್ಲ.

ಎರಡು ಗಂಟೆಗೆ ಡಾಕ್ಟರು ಕೂಗಿದ ಕೂಗಿಗೆ ನನ್ನ ಕೈಯಲ್ಲಿದ್ದ ಲಕೋಟೆ ಜಾರಿ ಬಿತ್ತು.

"ಈ ಪೇಷಂಟ್ ಎಲ್ಲಿ ಅದಾನ? ಒಂದ್ ಬಾಜೂದ ಪುಪ್ಪುಸ ಪೂರ್ತಿ ಕುಸದೈತಿ! ಯಾವಾಗ ತಗದೀರಿ ಇದನ್ನ?"

"ಮುಂಜಾನೆ ಒಂಬತ್ತಕ್ಕ್ರಿ."

ಇಬ್ಬರೂ ಹೊರಗೆ ಓಡಿದೆವು. ಅಜ್ಜ ಅಲ್ಲೇ ಇದ್ದ. ತುಟಿ ನೀಲಿಗಟ್ಟಿತ್ತು, ಎಕ್ಸ್‌ರೇ ಚೀಟಿಯನ್ನು ಮಾತ್ರ ಮುಷ್ಟಿಯಲ್ಲಿ ಭದ್ರವಾಗಿ ಹಿಡಿದಿದ್ದ. ಡಾಕ್ಟರು ಅವನನ್ನು ಒಳಗೆ ಸಾಗಿಸಿ ಎದೆಗೆ ಕೊಳವೆ ಹಾಕಿಸಿದರು. ಇನ್ನೊಂದು ತಾಸು ತಡವಾಗಿದ್ದರೆ ಉಳಿಯುತ್ತಿರಲಿಲ್ಲ ಎಂದರು.

ನಾನು ತಿರುಗಿ ಬಂದು ಆ ಮೇಜನ್ನು ನೋಡಿದೆ. ಖಾಲಿಯಾಗಿತ್ತು. ಅಜ್ಜನ ಫಿಲ್ಮು ಕಟ್ಟಕಡೆಯದು. ಒಂಬತ್ತಕ್ಕೆ ಇಟ್ಟದ್ದು ಕೊನೆಗೆ ಹೇಗೆ ಸಿಕ್ಕಿತು? ಆಗ ಹೊಳೆಯಿತು. ನಾನು ಮೇಲೆ ಇಡುತ್ತಿದ್ದೆ, ಅವರು ಮೇಲಿನಿಂದ ತೆಗೆಯುತ್ತಿದ್ದರು. ಮೊದಲು ಬಂದವರದು ಎಲ್ಲಕ್ಕಿಂತ ಕೆಳಗೆ. ಹನ್ನೊಂದು ವರ್ಷ! ನಸುಕಿನಲ್ಲೇ ಎದ್ದು ಬಂದವರನ್ನು ಕೊನೆಗೆ ಕೂರಿಸಿ, ಊಟ ಮುಗಿಸಿ ಆರಾಮಾಗಿ ಬಂದವರ ಕೈಗೆ ಮೊದಲು ರಿಪೋರ್ಟು ಕೊಟ್ಟಿದ್ದೆ. ದೀಪದ ಬುಡದಲ್ಲೇ ಕತ್ತಲೆ. ಮೇಲಾಗಿ ಬಾಗಿಲು ಬಡಿದವರಿಗೆ ಬೈದವಳೂ ನಾನೇ.

ಮರುದಿನದಿಂದ ಲಕೋಟೆಗಳನ್ನು ಸಾಲಾಗಿ ನಿಲ್ಲಿಸಿಟ್ಟೆ; ಮೊದಲು ಬಂದದ್ದು ಎಡತುದಿಗೆ, ಓದುವುದೂ ಎಡದಿಂದ. ದಮ್ಮು, ಪೆಟ್ಟು ಎಂದು ಬಂದವರ ಚಿತ್ರ ತೆಗೆದ ಕೂಡಲೇ ಡಾಕ್ಟರ ಫೋನಿಗೆ ಹೋಗತೊಡಗಿತು. ಇಷ್ಟಕ್ಕೆ ಒಂದು ಪೂರ್ತಿ ದಿನವೂ ಬೇಕಾಗಲಿಲ್ಲ.

ಮೂರನೆಯ ದಿನ ವಾರ್ಡಿಗೆ ಹೋಗಿ ಅಜ್ಜನಿಗೆ ಇದ್ದದ್ದನ್ನು ಇದ್ದಂತೆ ಹೇಳಿದೆ. "ನೀವು ಎಲ್ಲಾರಕಿಂತ ಮದಲ ಬಂದಿದ್ರಿ. ಅದಕ್ಕ ನಿಮ್ಮ ಫಿಲ್ಮು ಎಲ್ಲಾದರ ಕೆಳಗ ಬಿತ್ತ್ರಿ. ತಪ್ಪು ನಂದು."

ಬೈಯಲಿ ಎಂದು ಕಾಯುತ್ತ ನಿಂತೆ. ಅಜ್ಜ ಸಂಕೋಚದಿಂದ ಕೇಳಿದ:

"ಹಂಗಾದ್ರ ಮುಂದಿನ ಸಲ ತಡಾ ಮಾಡಿ ಬರ್ಲೇನವಾ?"