ಹೂವಪ್ಪನ ಬಲಗೈ

ಈಗ ನಮ್ಮ ಇಲಾಖೆಯ ತರಬೇತಿ ಬರುವುದು ಫೋನಿನಲ್ಲಿ. ಲಿಂಕ್ ಕಳಿಸುತ್ತಾರೆ, ಒತ್ತುತ್ತೇವೆ. ಎಲ್ಲಿಂದಲೋ ಒಬ್ಬರು ಪರದೆಯ ಮೇಲೆ ಮಾತಾಡುತ್ತಾರೆ. ಅರ್ಧ ಜನ ಹೆಸರು ಮಾತ್ರ ತೋರಿಸಿಕೊಂಡು ಬಸ್ಸಿನಲ್ಲೋ ಸಂತೆಯಲ್ಲೋ ಇರುತ್ತಾರೆ. ಮೊನ್ನೆ ಅಂಥದ್ದೊಂದಕ್ಕೆ ಕೂತವಳು ನಾನೂ ಬೆಂಡೆಕಾಯಿ ಹೆಚ್ಚಿ ಮುಗಿಸಿದೆ. ಹೆಚ್ಚುತ್ತಾ ಕೂತಾಗ ಎನ್.ಆರ್.ಪುರದ ಬುಧವಾರಗಳು ನೆನಪಾದವು. ಹೂವಪ್ಪ ನೆನಪಾದ. ಆ ದಿನಗಳು ಇನ್ನು ಬರುವುದಿಲ್ಲವಲ್ಲ ಎಂದು ನಿಜವಾಗಿಯೂ ಬೇಜಾರಾಯಿತು.

ನಾನು ಪವಿತ್ರಾ, ದನದ ಡಾಕ್ಟರು. ಈಗ ಬೇರೆ ಜಿಲ್ಲೆಯಲ್ಲಿದ್ದೇನೆ. ಆಗ ಎನ್.ಆರ್.ಪುರ ತಾಲ್ಲೂಕಿನ ಒಂದು ಸಣ್ಣ ಪಶು ಆಸ್ಪತ್ರೆಯಲ್ಲಿದ್ದೆ. ಹೂವಪ್ಪ ಅಲ್ಲಿ ಸಹಾಯಕ. ಬಾಗಿಲು ತೆಗೆಯುವುದರಿಂದ ಹಿಡಿದು ಒದೆಯುವ ಹಸುವಿನ ಕಾಲು ಕಟ್ಟುವವರೆಗೆ ಎಲ್ಲಾ ಅವನೇ. ಅವನ ಅಪ್ಪ ಕಂಡವರ ತೋಟದಲ್ಲಿ ಕೂಲಿ ಮಾಡಿ, ಕಂಡವರ ದನ ಕಾಯ್ದವನು. ತಾಯಿ ಬೇಗ ಹೋದಳು. ಅಕ್ಕ ಹೊನ್ನಕ್ಕನೇ ತಮ್ಮನನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು. ದಿನಗೂಲಿಗೆ ಆಸ್ಪತ್ರೆ ಗುಡಿಸಲು ಸೇರಿದ ಹೂವಪ್ಪ, ಎಷ್ಟೋ ವರ್ಷದ ಮೇಲೆ ಖಾಯಂ ಆದ.

ಅವನ ಹೆಸರು ಸುತ್ತಲ ಊರಿಗೆಲ್ಲ ಗೊತ್ತಿದ್ದದ್ದು ಬಲಗೈಯಿಂದ. ಆಳು ದಪ್ಪ, ಕೈ ಮಾತ್ರ ಸಣ್ಣ. ನನ್ನ ಬಳೆ ಅವನ ಕೈಗೆ ಸಲೀಸಾಗಿ ಹೋಗುತ್ತಿತ್ತು, ತಮಾಷೆಗೆ ಹಾಕಿ ನೋಡಿದ್ದೆವು. ಮಲೆನಾಡಿನಲ್ಲಿ ಹಲಸು ಹಣ್ಣಾಗುವ ಕಾಲ ಬಂತೆಂದರೆ ದನಗಳಿಗೆ ಹಬ್ಬ. ಬಿದ್ದ ಹಣ್ಣನ್ನೆಲ್ಲ ಅವಸರದಲ್ಲಿ ನುಂಗಿ, ಗಂಟಲಿಗೆ ಸಿಕ್ಕಿಸಿಕೊಂಡು, ಜೊಲ್ಲು ಸುರಿಸಿಕೊಂಡು ನಿಲ್ಲುತ್ತವೆ. ಆಗ ಹೂವಪ್ಪ ಬರಬೇಕು. ಅಂಗಿ ಬಿಚ್ಚಿ, ಭುಜದವರೆಗೆ ಕೊಬ್ಬರಿ ಎಣ್ಣೆ ಸವರಿ, ಹಸುವಿನ ನಾಲಗೆ ಪಕ್ಕಕ್ಕೆ ಎಳೆದು ಕೈ ಒಳಗೆ ಬಿಟ್ಟನೆಂದರೆ ಹಲಸಿನ ತುಂಡು ಹಿಡಿದೇ ಹೊರಗೆ ತೆಗೆಯುತ್ತಿದ್ದ. ಡಾಕ್ಟರು ಬೇಡ, ಹೂವಪ್ಪನನ್ನು ಕಳಿಸಿ ಎಂದು ಜನ ನನಗೇ ಫೋನ್ ಮಾಡುತ್ತಿದ್ದರು. ನನಗೆ ಉರಿಯುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ತಿಂಗಳಿಗೊಂದು ಬುಧವಾರ ಮಧ್ಯಾಹ್ನ ನಮ್ಮ ಪಾಠ. ಕೊಪ್ಪ, ಶೃಂಗೇರಿ, ಎನ್.ಆರ್.ಪುರ ಕಡೆಯ ಪಶು ಆಸ್ಪತ್ರೆಗಳ ಸಹಾಯಕರು, ಜಾನುವಾರು ಇನ್ಸ್‌ಪೆಕ್ಟರುಗಳು ಸರದಿಯಂತೆ ಒಂದೊಂದು ಕಡೆ ಸೇರುತ್ತಿದ್ದೆವು. ಹೊಸ ಔಷಧಿ, ಹೊಸ ಕಾಯಿಲೆ, ಸೂಜಿ ಬಿಸಾಡುವ ಬಗೆ, ದನ ಸತ್ತ ಮನೆಯವರ ಹತ್ತಿರ ಮಾತಾಡುವ ಬಗೆ, ಹೀಗೆ ಏನಾದರೊಂದು. ಫಿನಾಯಿಲ್ ವಾಸನೆಯ ಕೋಣೆ, ಕಾಲು ಅಲುಗಾಡುವ ಬೆಂಚು, ಹೊರಗೆ ಕಟ್ಟಿದ ಯಾರದೋ ಎಮ್ಮೆಯ ಕೂಗು. ಪಾಠ ಶೃಂಗೇರಿಯಲ್ಲಿದ್ದರೆ ಒಬ್ಬರೂ ತಪ್ಪಿಸುತ್ತಿರಲಿಲ್ಲ. ವಿದ್ಯೆಯ ಮೇಲಿನ ಪ್ರೀತಿಯಲ್ಲ, ಮಠದ ಊಟ. ಉಂಡು, ತುಂಗೆಯ ಮೀನುಗಳಿಗೆ ಮಂಡಕ್ಕಿ ಹಾಕಿ, ಅರೆಗಣ್ಣು ಮುಚ್ಚಿಕೊಂಡು ಬಂದು ಕೂರುತ್ತಿದ್ದರು.

ನಮ್ಮ ಸಿಬ್ಬಂದಿಗೆಲ್ಲ ಮುಂಜಾಗ್ರತೆಗೆ ಹುಚ್ಚುನಾಯಿ ರೋಗದ ಚುಚ್ಚುಮದ್ದು ಹಾಕಿಸಿದ್ದೂ ಅಂಥದ್ದೇ ಒಂದು ಬುಧವಾರ. ಹೂವಪ್ಪ ಮಾತ್ರ ಮಾಯ. ಊರಿನ ದನಕ್ಕೆಲ್ಲ ಸೂಜಿ ಹಾಕುವಾಗ ಗಟ್ಟಿಯಾಗಿ ಹಿಡಿದು ನಿಲ್ಲುವವನಿಗೆ ತನ್ನ ತೋಳಿಗೆ ಸೂಜಿ ಎಂದರೆ ಜೀವ ಹೋಗುತ್ತಿತ್ತು. ಊಟದ ಸಾಲಿನಲ್ಲಿ ತಡವಾಯಿತು ಎಂದ. ಮುಂದಿನ ಸಲ ಹಾಕಿಸಿಕೊಳ್ಳುತ್ತೇನೆ ಎಂದ. ಮುಂದಿನ ಸಲವೂ ಅದೇ ಹಾಡು.

ಒಂದು ಬೇಸಗೆಯ ಕೊನೆಗೆ ನಾನು ಜೊಲ್ಲಿನ ಪಾಠ ಮಾಡಿದೆ. ಹುಚ್ಚುನಾಯಿ ಕಚ್ಚಿದ ದನವೂ ನುಂಗಲಾಗದೆ ಜೊಲ್ಲು ಸುರಿಸುತ್ತದೆ, ಗಂಟಲಿಗೆ ಸಿಕ್ಕಿಕೊಂಡ ಹಾಗೆಯೇ ಕಾಣುತ್ತದೆ. ಆ ಜೊಲ್ಲು ಗಾಯಕ್ಕೆ ತಾಗಿದರೆ ರೋಗ ಮನುಷ್ಯರಿಗೂ ಬರುತ್ತದೆ, ಬಂದ ಮೇಲೆ ಮದ್ದಿಲ್ಲ. ಆದ್ದರಿಂದ ಬಾಯಿಗೆ ಬರಿಗೈ ಹಾಕಲೇಬಾರದು ಎಂದೆ. ಎಲ್ಲರೂ ಹೂವಪ್ಪನ ಕಡೆ ನೋಡಿದರು.

"ಹಾಗಾರೆ ಸಿಕ್ಕಿದ ಹಲಸಿನಹಣ್ಣನ್ನ ಎಂತದ್ರಲ್ಲಿ ತೆಗೆಯೂದು ಡಾಕ್ಟ್ರಮ್ಮ, ಮಂತ್ರದಲ್ಲಾ?" ಎಂದ ಹೂವಪ್ಪ.

"ಮೊದಲು ನಾನು ಬಂದು ನೋಡ್ತೇನೆ. ಆಮೇಲೆ ಗ್ಲೌಸ್ ಹಾಕ್ಕೊಂಡು ತೆಗೀರಿ."

ಎಲ್ಲರೆದುರು "ಆಯ್ತು, ಇನ್ಮೇಲೆ ಬರಿಗೈ ಹಾಕಲ್ಲ" ಎಂದ. ಆದರೆ ಮುಖ ಇಳಿದಿತ್ತು. ಆ ಕೈ ಬಿಟ್ಟರೆ ತನ್ನದು ಅಂತ ಹೇಳಿಕೊಳ್ಳಲು ಅವನಿಗೆ ಬೇರೇನಿತ್ತು?

ಪಾಠದ ಕೊನೆಯಲ್ಲಿ ಚಹಾದ ಜೊತೆ ಇನ್ನೊಂದು ಕ್ರಮವಿತ್ತು. ಒಬ್ಬೊಬ್ಬರೂ ತಮ್ಮ ಕೆಲಸದಲ್ಲಿ ಆದ ತಪ್ಪೊಂದನ್ನು ಹೇಳಬೇಕು. ಯಾರೂ ಬಯ್ಯಬಾರದು, ನಗಬಾರದು, ಹೊರಗೆ ಹೇಳಬಾರದು. ಇದನ್ನು ಶುರು ಮಾಡಿದಾಗ ಇನ್ಸ್‌ಪೆಕ್ಟರ್ ಯೋಗೇಂದ್ರ, "ಡಾಕ್ಟ್ರಮ್ಮ ಬಾಯಿ ಮುಚ್ಕಂಡು ಕೂರ್ತೀನಿ ಅಂದ್ರೆ ಮಾತ್ರ ನಾವು ಹೇಳೂದು" ಎಂದಿದ್ದ. ನನ್ನ ಬಾಯಿ ಜೋರು, ಮೂರು ತಾಲ್ಲೂಕಿಗೆ ಗೊತ್ತು. ಒಪ್ಪಿದೆ. ಆದರೂ ಯಾರೂ ನಿಜ ಹೇಳುತ್ತಿರಲಿಲ್ಲ. ತಮ್ಮ ತಪ್ಪು ಹೇಳಿ ಎಂದರೆ ಪಕ್ಕದವನ ತಪ್ಪು ಹೇಳುತ್ತಿದ್ದರು.

ಜೊಲ್ಲಿನ ಪಾಠ ಆದ ಮುಂದಿನ ತಿಂಗಳು, ಬುಧವಾರದ ಹಿಂದಿನ ದಿನ, ಕಡಹಿನಬೈಲಿನಿಂದ ಹೊನ್ನಕ್ಕ ತಮ್ಮನಿಗೆ ಫೋನ್ ಮಾಡಿದಳು. ಅವಳ ಹಸು ಕೌಲಿ ನೀರು ಮುಟ್ಟುತ್ತಿಲ್ಲ, ಜೊಲ್ಲು ಸುರಿಯುತ್ತಿದೆ, ಹಲಸು ಸಿಕ್ಕಿರಬೇಕು ಅಂತ. ಹೂವಪ್ಪ ಬೈಕಿನಲ್ಲಿ ಮುಂದೆ ಹೋದ. ನಾನೂ ಯೋಗೇಂದ್ರನೂ ಜೀಪಿನಲ್ಲಿ ಹಿಂದೆ ಹೋದೆವು. ಹಸುವಿನ ಕೂಗು ಕೇಳಿದ ಕೂಡಲೇ ಜೀಪು ನಿಲ್ಲುವ ಮೊದಲೇ ಇಳಿದೆ. ಅದು ಹುಚ್ಚು ಹಿಡಿದ ದನ ಕೂಗುವ ಹಾಗೆ ಸ್ವರ ಒಡೆದ ಕೂಗು. ಕೆಲವು ವಾರದ ಹಿಂದೆ ಬೀದಿನಾಯಿಯೊಂದು ಇದರ ಕಾಲಿಗೆ ಕಚ್ಚಿತ್ತು ಎಂದು ಹೊನ್ನಕ್ಕ ಮೆಲ್ಲಗೆ ಹೇಳಿದಳು. ನನಗೆ ಅನುಮಾನ ಉಳಿಯಲಿಲ್ಲ.

"ಬಾಯಿಗೆ ಯಾರಾದ್ರೂ ಕೈ ಹಾಕಿದ್ರಾ?" ಎಂದು ಗದರಿಸಿಯೇ ಕೇಳಿದೆ.

"ಇಲ್ಲ" ಎಂದಳು ಹೊನ್ನಕ್ಕ.

"ಇಲ್ಲ ಡಾಕ್ಟ್ರಮ್ಮ" ಎಂದ ಹೂವಪ್ಪ.

ಆದರೂ ನಾಳೆಯೇ ಹೋಗಿ ಚುಚ್ಚುಮದ್ದು ಹಾಕಿಸಿಕೊಳ್ಳಿ ಎಂದೆ. ಇಬ್ಬರೂ ತಲೆಯಾಡಿಸಿದರು. ಆ ತಲೆಯಾಡಿಸುವಿಕೆಗೆ ಅರ್ಥವಿಲ್ಲವೆಂದು ಮಲೆನಾಡಿನಲ್ಲಿ ಕೆಲಸ ಮಾಡಿದವರಿಗೆ ಗೊತ್ತು.

ಮಾರನೆಯ ದಿನ ಪಾಠ ನಮ್ಮಲ್ಲೇ ಇತ್ತು. ಚಹಾ ಬಂತು. ಒಬ್ಬ ಇನ್ನೊಬ್ಬನ ತಪ್ಪು ಹೇಳಿದ, ಇನ್ನೊಬ್ಬ ಮತ್ತೊಬ್ಬನದು. ಹೂವಪ್ಪನ ಸರದಿ ಬಂತು. ಅವನು ಎದ್ದು ನಿಂತ. ಯಾವತ್ತೂ ಯಾರೂ ಎದ್ದು ನಿಲ್ಲುತ್ತಿರಲಿಲ್ಲ.

"ನಿನ್ನೆ ನಾನು ಕೈ ಹಾಕ್ದೆ" ಎಂದ. "ಅಕ್ಕ ಎದ್ರಿಗೆ ನಿಂತಿದ್ಳು. ಬಾಯಿ ಬಿಟ್ಟು ಎಂತದೂ ಕೇಳಲಿಲ್ಲ, ಸುಮ್ನೆ ನನ್ನ ಕೈ ನೋಡ್ತಿದ್ಳು. ಊರಿನ ದನಕ್ಕೆಲ್ಲ ಹಾಕಿ ಅವಳ ದನಕ್ಕೆ ಹೆಂಗೆ ಇಲ್ಲ ಅನ್ನೂದು? ಹಲ್ಲು ತಾಗಿ ಗೀರಿದೆ. ಡಾಕ್ಟ್ರಮ್ಮಂಗೆ ಸುಳ್ಳು ಹೇಳ್ದೆ. ಮುಂಚಿನ ಇಂಜೆಕ್ಷನ್ನೂ ನಾ ತಗಂಡಿಲ್ಲ."

ನನಗೆ ಸಿಟ್ಟು ನೆತ್ತಿಗೇರಿತ್ತು, ಅದಕ್ಕಿಂತ ಹೆಚ್ಚು ಹೆದರಿಕೆಯಾಗಿತ್ತು. ಈ ಮನುಷ್ಯ ಸತ್ತುಹೋಗುತ್ತಾನೆ ಎಂಬುದೊಂದೇ ತಲೆಯಲ್ಲಿ. ಆದರೆ ಬಯ್ಯುವುದಿಲ್ಲವೆಂದು ಮಾತು ಕೊಟ್ಟಿದ್ದೆ. ಚಹಾದ ಲೋಟ ಕೆಳಗಿಟ್ಟು ಅವನನ್ನು ನಲ್ಲಿಯ ಹತ್ತಿರ ಕರೆದೊಯ್ದು, ಸೋಪು ಹಾಕಿ ಆ ಕೈಯನ್ನು ನಾನೇ ತಿಕ್ಕಿ ತಿಕ್ಕಿ ತೊಳೆದೆ. "ಯೋಗೇಂದ್ರ, ಜೀಪು ತೆಗೀರಿ, ಸರ್ಕಾರಿ ಆಸ್ಪತ್ರೆಗೆ" ಎಂದೆ.

ಜೀಪು ಹತ್ತಿದ ಮೇಲೆ ಹೂವಪ್ಪ, "ಅಕ್ಕನ ಮನೆಗೆ ಹೋಗಿ ಹೋಗಣ" ಎಂದ. "ಅವಳನ್ನ ಇನ್ನೊಂದ್ಸಲ ಕೇಳ್ಬೇಕು."

ಕೌಲಿ ಬೆಳಗ್ಗೆಯೇ ಸತ್ತಿತ್ತು. ಹೊನ್ನಕ್ಕ ಜಗಲಿಯಲ್ಲಿ ಸೆರಗಿನೊಳಗೆ ಕೈ ಇಟ್ಟುಕೊಂಡು ಕೂತಿದ್ದಳು. ನಾನು ಮತ್ತೆ ಕೇಳಿದೆ, ಈ ಸಲ ಮೆತ್ತಗೆ. ಹತ್ತಿರಕ್ಕೂ ಹೋಗಿಲ್ಲ ಎಂದಳು. ಹೂವಪ್ಪ ಅವಳ ಪಕ್ಕ ಕೂತ.

"ಅಕ್ಕ, ನಾ ಕೈ ಹಾಕಿದ್ದನ್ನ ಎಲ್ಲರೆದ್ರು ಹೇಳ್ಬಿಟ್ಟೆ. ಯಾರೂ ಎಂತದೂ ಅನ್ಲಿಲ್ಲ."

ಹೊನ್ನಕ್ಕ ಸೆರಗು ಸರಿಸಿ ಬಲಗೈ ಹೊರಗೆ ತೆಗೆದಳು. ಹುಲ್ಲು ಕೊಯ್ಯುವ ಕತ್ತಿ ತಾಗಿದ ಹಸಿ ಗಾಯ ಬೆರಳ ಮೇಲಿತ್ತು.

"ನೀ ಬರೂ ಮೊದ್ಲು ನಾನೂ ಹಾಕಿದ್ದೆ ಮಾರಾಯ. ಎಂತದೂ ಸಿಗಲಿಲ್ಲ. ಹಣ್ಣನ್ನ ನಾನೇ ಒಳಗೆ ತಳ್ಳಿ ದನ ಕೊಂದೆ ಅಂತ ಹೆದರಿ ಯಾರ ಹತ್ರನೂ ಹೇಳಲಿಲ್ಲ."

"ನೀವು ಕೊಲ್ಲಲಿಲ್ಲ ಹೊನ್ನಕ್ಕ. ಒಳಗೆ ಏನೂ ಇರಲೇ ಇಲ್ಲ" ಎಂದೆ. ಆಗ ಅವಳಿಗೆ ಅಳು ಬಂತು. ನನಗೂ ಬಂತು.

ಇಬ್ಬರೂ ಚೆನ್ನಾಗಿದ್ದಾರೆ. ಹೂವಪ್ಪ ಹೋದ ವರ್ಷ ನಿವೃತ್ತನಾದ. ಅವನು ಎದ್ದು ನಿಂತ ದಿನದಿಂದ ನಮ್ಮ ಚಹಾದ ಹೊತ್ತಿನಲ್ಲಿ ಎಲ್ಲರೂ ತಂತಮ್ಮ ತಪ್ಪನ್ನೇ ಹೇಳತೊಡಗಿದ್ದರು, ನಾನೂ ಹೇಳಿದ್ದೇನೆ. ಫೋನಿನ ಪರದೆಯ ಮೇಲೆ ಅಂಥದ್ದನ್ನು ಯಾರು ಯಾರಿಗೆ ಹೇಳಿಯಾರು? ಬುಧವಾರ ಎಂದರೆ ಈಗಲೂ ನನ್ನ ಕಣ್ಣಿಗೆ ಬರುವುದು ಆ ದಿನ ಸರ್ಕಾರಿ ಆಸ್ಪತ್ರೆಯ ಬೆಂಚಿನ ಮೇಲೆ ಒತ್ತಿಕೊಂಡು ಕೂತ ಆ ಅಕ್ಕ ತಮ್ಮ. ನರ್ಸು ಸೂಜಿ ಹಿಡಿದು ಬಂದು, ಮೊದಲು ಯಾರಿಗೆ ಎಂದಳು. ಐವತ್ತು ದಾಟಿದ, ತಲೆ ನರೆತ ಹೂವಪ್ಪ ಕಣ್ಣು ಮುಚ್ಚಿಕೊಂಡಿದ್ದ. ಹೊನ್ನಕ್ಕ ಅವನ ತೋಳು ಹಿಡಿದು ಮುಂದಕ್ಕೆ ನೂಕಿದಳು.

"ಮೊದ್ಲು ಇವನಿಗೆ ಹಾಕಿ, ತಾಯಿ. ಇವನು ಸಣ್ಣವ."