ಎಳೆಯದೆ ಬಿಟ್ಟ ಬಾಣ: ಜಹೀರುದ್ದೀನ್ ಸರ್

ಯಂತ್ರದೊಳಗೆ ಚಿಪ್ ಕೂರಿಸಿ ಅದಕ್ಕೆ ಬುದ್ಧಿ ಕಲಿಸುವ ವಿದ್ಯೆ ರಾಯಚೂರಿಗೆ ಹೊಸದಾಗಿದ್ದಾಗ, ಆ ವಿದ್ಯೆಗೆ ವಿವೇಕವನ್ನೂ ಜೋಡಿಸಿದವರು ಈ ವರ್ಷ ನಿವೃತ್ತರಾಗುತ್ತಿರುವ ಮಾನ್ಯ ಜಹೀರುದ್ದೀನ್ ಸರ್. ೧೯೭೧ರಲ್ಲಿ ದೇವದುರ್ಗದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವಾಗಲೇ ಅವರು ಸರಿಯುತ್ತರಕ್ಕೆ ಅರ್ಧ ಅಂಕವನ್ನಷ್ಟೇ ಕೊಟ್ಟು, ಉಳಿದರ್ಧವನ್ನು ‘ಯಾಕ?’ ಎಂಬುದಕ್ಕೆ ಮೀಸಲಿಡುತ್ತಿದ್ದರು. ಪಾಲಕರು ಮೂಗು ಮುರಿದರು; ಸರ್ ಬಡಪೆಟ್ಟಿಗೆ ಬಗ್ಗುವವರಲ್ಲ. ಆದರೆ ಅಂಕ ಕಳೆದುಕೊಂಡ ಮಕ್ಕಳನ್ನೇ ಸಂಜೆ ಮನೆಗೆ ಕರೆದು, ಪತ್ನಿ ವಾಹಿದಾ ಅವರ ಕೈರೊಟ್ಟಿ ಉಣಿಸಿ, ಮತ್ತೆ ಪಾಠ ಹೇಳುತ್ತಿದ್ದರು.

ಮುಂದೆ ಅವರು ರಾಯಚೂರಿನ ಪಾಲಿಟೆಕ್ನಿಕ್ಕಿಗೆ ಬಂದರು. ೧೯೮೬ರಲ್ಲಿ ಮಾನ್ವಿಯ ಗಡಿಗೆಪ್ಪ ಸಾಹುಕಾರರು ತಮ್ಮ ರೈಸ್ ಮಿಲ್ಲಿನ ಭತ್ತ ಒಣಗಿಸುವ ಯಂತ್ರಕ್ಕೆ ನಿಯಂತ್ರಣ ಪೆಟ್ಟಿಗೆ ಬೇಕೆಂದರು. ಶಿಷ್ಯರು ನಕ್ಷೆ ಬರೆದರು: ಯಂತ್ರದ ಒಂದೊಂದು ಸ್ಥಿತಿಗೆ ಒಂದು ವೃತ್ತ, ಸ್ಥಿತಿಯಿಂದ ಸ್ಥಿತಿಗೆ ಬಾಣ, ಪ್ರತಿ ಬಾಣದ ಪಕ್ಕ ಅದರ ಕಾರಣ. ಸರ್ ನಕ್ಷೆ ಹಿಡಿದು ಮಿಲ್ಲಿಗೆ ಹೋಗಿ ಕುಳಿತರು. ಕರೆಂಟು ಹೋದೊಡನೆ ಹೆಣ್ಣುಮಕ್ಕಳು ಯಂತ್ರದ ಬುಡದ ತಗ್ಗಿಗೆ ಕೈ ಇಳಿಸಿ ಸಿಕ್ಕಿಕೊಂಡ ಭತ್ತ ತೆಗೆಯುವುದನ್ನು ಕಂಡರು. ಯಂತ್ರ ನಿಲ್ಲುತ್ತಿದ್ದುದೇ ಆಗ ಮಾತ್ರ; ಕೈ ಒಳಗಿರುವಾಗಲೇ ಕರೆಂಟು ಮರಳಿದರೆ? ‘ಕರೆಂಟು ಬಂತು’ ಎಂಬಲ್ಲಿಂದ ‘ಚಾಲೂ’ ಎಂಬಲ್ಲಿಗೆ ಹೋಗುವ ಬಾಣವನ್ನು ಅಲ್ಲೇ ಅಳಿಸಿದರು. ಯಾರಾದರೂ ನೋಡಿ ಬಟನ್ ಒತ್ತುವವರೆಗೆ ಯಂತ್ರ ಕಾಯಬೇಕು.

ಸಾಹುಕಾರರು ಸಿಡಿಮಿಡಿಗೊಂಡರು. “ಕರೆಂಟ್ ಬಂದ ಕೂಡ್ಲೆ ತಾನ ಚಾಲೂ ಆಗ್ಬೇಕ್ರೀ. ಹಸಿ ಭತ್ತ ಮುಗ್ಗು ಹಿಡಿತದ. ಬಟನ್ ಒತ್ತಾಕ ಮಂದಿ ಬೇಕಂದ್ರ ನಿಮ್ಮ ಪೆಟ್ಟಿಗಿ ಯಾಕ್ರೀ?”

ಪೆಟ್ಟಿಗೆ ವಾಪಸಾದರೆ, ಅದರ ಹಣವನ್ನೇ ನಂಬಿದ್ದ ಕಾಲೇಜಿನ ಹೊಸ ಲ್ಯಾಬಿಗೆ ಬೀಗ ಬೀಳುವುದಿತ್ತು. ಇದೊಂದನ್ನು ಬಿಟ್ಟುಕೊಡಿ ಎಂದು ಪ್ರಾಂಶುಪಾಲರೂ ಬೇಡಿಕೊಂಡರು. ಸರ್‌ಗೂ ಅಳುಕಿತ್ತು, ಆದರೂ ಜಪ್ಪಯ್ಯ ಎಂದರೂ ಕದಲಲಿಲ್ಲ.

“ಯಂತ್ರಕ್ಕ ಕಣ್ಣಿಲ್ಲ ಸಾಹುಕಾರ್ರ. ತಗ್ಗಿನ್ಯಾಗ ಯಾರ ಕೈ ಅದ ಅಂತ ಅದಕ್ಕ ತಿಳಿಯಂಗಿಲ್ಲ. ತಿಳೀದಾಗ ನಿಂತಿರೋದ ಚಲೋ. ಆ ಬಾಣ ನಾ ಎಳಿಯಂಗಿಲ್ಲ.”

ಒಂದು ಸುಗ್ಗಿ ನೋಡೋಣವೆಂದು ಸಾಹುಕಾರರು ಗೊಣಗುತ್ತಲೇ ಒಪ್ಪಿದರು. ಅದೇ ಸುಗ್ಗಿಯಲ್ಲಿ ಒಮ್ಮೆ, ಕೂಲಿಯ ಮೂಕಮ್ಮ ಮೊಣಕೈವರೆಗೆ ತಗ್ಗಿಗೆ ಕೈ ಇಳಿಸಿದ್ದಾಗಲೇ ಕರೆಂಟು ಬಂತು. ಪಕ್ಕದ ಹಳೆಯ ಯಂತ್ರಗಳೆಲ್ಲ ಒಮ್ಮೆಗೇ ಗುಡುಗಿದವು. ಇದೊಂದು ಸುಮ್ಮನೆ ನಿಂತಿತ್ತು. ಎದುರಿಗಿದ್ದ ಸಾಹುಕಾರರ ಮುಖ ಬಿಳಿಚಿಕೊಂಡಿತು. ಮೂಕಮ್ಮ ಕೈ ತೆಗೆದು ಧೂಳು ಕೊಡವಿ, “ಕರೆಂಟ್ ಬಂತಲ್ರೀ ಯಪ್ಪಾ, ಒತ್ರಿ” ಎಂದಳು.

ಸಾಹುಕಾರರು ಒತ್ತಲಿಲ್ಲ. ಬಗ್ಗಿ ತಗ್ಗನ್ನು ನೋಡಿ, “ಯವ್ವಾ, ಎಲ್ರೂ ಹೊರಗ ಬಂದೀರೇನು?” ಎಂದು ಕೇಳಿ, ಉತ್ತರ ಬಂದ ಮೇಲೆಯೇ ಒತ್ತಿದರು. ಇಂಥದೇ ಪೆಟ್ಟಿಗೆ ಹಾಕಿಸಿಕೊಳ್ಳಿ ಎಂದು ಸಂಜೆ ಪೋತ್ನಾಳದ ಮಿಲ್ಲಿನವರಿಗೂ ತಾವೇ ಹೇಳಿಕಳಿಸಿದರು.

ಸರ್‌ಗೆ ಭಗವಂತ ನೂರ್ಕಾಲದ ಆಯುರಾರೋಗ್ಯ ಕರುಣಿಸಲಿ. ನಿವೃತ್ತಿಯೆಂದು ಅವರನ್ನು ಮನೆಯಲ್ಲಿ ಕೂರಲು ಬಿಡುವ ಮನಸ್ಸು ಶಿಷ್ಯರಾದ ನಮಗಿಲ್ಲ. ಅವರು ಅಳಿಸಬೇಕಾದ ಬಾಣಗಳು ನಮ್ಮ ನಕ್ಷೆಗಳಲ್ಲಿ ಇನ್ನೂ ಬಹಳ ಇವೆ.