ಹತ್ತು ಗಂಟೆಯವರೆಗೆ ಗಂಡಸು

ನನ್ನ ಹಿಟ್ಟಿನ ಗಿರಣಿ ಪಂಚಾಯತಿ ಕಚೇರಿಯ ಎದುರಿಗೇ ಇದೆ. ಊರಿನ ರಾಜಕಾರಣವೆಲ್ಲ ನನ್ನ ಕಿವಿಗೆ ಬಿದ್ದೇ ಮುಂದೆ ಹೋಗಬೇಕು. ಶಹಾಪುರದಿಂದ ಸುರಪುರಕ್ಕೆ ಹೋಗುವ ದಾರಿಯಲ್ಲಿ ಎಡಕ್ಕೆ ಹೊರಳಿದರೆ ನಮ್ಮೂರು. ಹೆಸರು ಮಾತ್ರ ಹೇಳುವುದಿಲ್ಲ. ನಾಳೆ ಗಿರಣಿಯ ಲೈಸೆನ್ಸಿಗೆ ನಾನು ಇದೇ ಪಂಚಾಯತಿಯ ಬಾಗಿಲಿಗೆ ಹೋಗಬೇಕು.

ಮಲ್ಲಾಬಾಯಿ ಈ ಪಂಚಾಯತಿಯ ನೀರುಗಂಟಿ. ಅಂದರೆ ಟಾಕಿಯಿಂದ ಓಣಿಗಳಿಗೆ ನಳದ ನೀರು ಬಿಡುವವಳು. ಈ ಕೆಲಸಕ್ಕೆ ಇಬ್ಬರಿದ್ದಾರೆ: ಮೇಲಿನ ಓಣಿಗೆ ಮುಂಜಾನೆ ಹತ್ತರವರೆಗೆ ಮರಿಲಿಂಗ, ಕೆಳಗಿನ ಓಣಿಗೆ ಸಂಜೆ ಮಲ್ಲಾಬಾಯಿ. ಇಬ್ಬರದೂ ಎದೆಮಟ್ಟದ ಕಬ್ಬಿಣದ ಚಾವಿ, ಇಬ್ಬರೂ ಬಗ್ಗಿ ಗುಂಡಿಯಲ್ಲಿನ ವಾಲ್ ತಿರುವಬೇಕು. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ಕೆಸರು ಇಬ್ಬರಿಗೂ ಸಮವೇ ಇತ್ತು, ಮೊಸರು ಮಾತ್ರ ಅವನ ತಾಟಿಗೆ ಜಾಸ್ತಿ. ಅವನಿಗೆ ದಿನಕ್ಕೆ ಐದುನೂರು, ಇವಳಿಗೆ ಮುನ್ನೂರೈವತ್ತು. ಒಂಬತ್ತು ವರ್ಷದ ಹಿಂದೆ ಇವಳನ್ನು ಕೆಲಸಕ್ಕೆ ತೆಗೆದುಕೊಂಡಾಗ, ಯಾರೋ ಪುಣ್ಯಾತ್ಮರು ಹೊಲದ ಹೆಣ್ಣಾಳಿನ ಲೆಕ್ಕ ಹಿಡಿದು ಠರಾವಿನಲ್ಲಿ ಹಾಗೆ ಬರೆದಿಟ್ಟಿದ್ದರು.

ಮಲ್ಲಾಬಾಯಿಗೆ ಗಂಡನಿಲ್ಲ. ಮಗಳು ದೇವಿಕಾ ಯಾದಗಿರಿಯಲ್ಲಿ ನರ್ಸಿಂಗ್ ಓದುತ್ತಿದ್ದಾಳೆ. ಆ ನೂರೈವತ್ತು ಸಿಕ್ಕಿದ್ದರೆ ಅವಳು ಹಗಲೆಲ್ಲ ಮಂದಿಯ ಹೊಲದಲ್ಲಿ ಹತ್ತಿ ಬಿಡಿಸುವುದು ತಪ್ಪುತ್ತಿತ್ತು. ವರ್ಷಕ್ಕೊಮ್ಮೆ ಅರ್ಜಿ ಕೊಡುತ್ತಿದ್ದಳು. ಸೆಕ್ರೆಟರಿ ಹಂಪಣ್ಣ ‘ನೋಡೋಣವ್ವ’ ಎನ್ನುತ್ತಿದ್ದ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವುದು ಇಂಥವರನ್ನು ನೋಡಿಯೇ ಇರಬೇಕು.

ಕಳೆದ ಚಳಿಗಾಲದಲ್ಲಿ ಮರಿಲಿಂಗ ಟಾಕಿಯ ಏಣಿಯಿಂದ ಜಾರಿ ಕಾಲು ಮುರಿದುಕೊಂಡ. ಎರಡು ತಿಂಗಳು ಅವನ ಬದಲಿಗೆ ಮೇಲಿನ ಓಣಿಯ ನೀರನ್ನೂ ಮಲ್ಲಾಬಾಯಿಯೇ ಬಿಡಬೇಕೆಂದಾಯಿತು. ಮೊದಲ ತಿಂಗಳ ಪಗಾರದ ಚೀಟಿ ಹಿಡಿದು ನೇರ ಗಿರಣಿಗೆ ಬಂದಳು.

“ಉಮಕ್ಕಾ, ಇಲ್ಲಿ ನೋಡ. ಮುಂಜಾನಿ ಪಾಳಿಗಿ ಐದುನೂರು ಹಚ್ಯಾರ, ಸಂಜಿ ಪಾಳಿಗಿ ಮುನ್ನೂರೈವತ್ತು. ಅದೇ ಚಾವಿ, ಅದೇ ಕೈ. ಅಂದ್ರ ನಾ ಮುಂಜಾನಿ ಗಂಡಸು, ಸಂಜಿಗಿ ಹೆಂಗಸು.”

ನನಗೆ ಮೈಯೆಲ್ಲ ಉರಿದುಹೋಯಿತು. ಅವಳು ಮಾತ್ರ ಜೋಳದ ಚೀಲದ ಮೇಲೆ ಕುಳಿತು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. ನಕ್ಕು ಮುಗಿದ ಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು, “ಮರಿಲಿಂಗಣ್ಣ ಎದ್ದು ಬರೂದ್ರೊಳಗ ಇದು ಬಗೀಹರೀಬೇಕು. ಅವ ಬಂದ ಮ್ಯಾಲ ನಾ ಮತ್ತ ಬರೀ ಹೆಂಗಸು, ಯಾರೂ ಕೇಳಂಗಿಲ್ಲ,” ಅಂದಳು.

ಮರಿಲಿಂಗ ಒಳ್ಳೆಯ ಮನುಷ್ಯ. ವಿಷಯ ಕೇಳಿ, ಮಲಗಿದಲ್ಲಿಂದಲೇ ಗೂಟಕ್ಕೆ ಹಾಕಿದ್ದ ತನ್ನ ರುಮಾಲು ತೋರಿಸಿದನಂತೆ. “ನನ್ನ ಪಗಾರ ತಗೊಳಾಕತ್ತಿ ಅಂದಮ್ಯಾಲ ರುಮಾಲೂ ತಗೊಂಡು ಹೋಗ ತಂಗಿ.”

ಮರುದಿನದಿಂದ ಊರಿಗೆ ಪುಕ್ಕಟೆ ತಮಾಷೆ. ಮುಂಜಾನೆ ಮಲ್ಲಾಬಾಯಿ ತಲೆಗೆ ರುಮಾಲು ಸುತ್ತಿ ನೀರು ಬಿಡುವುದು, ಆಮೇಲೆ ಗಯಾಸನ ಹೋಟೆಲಿನ ಕಟ್ಟೆಯ ಮೇಲೆ ಗಂಡಸರ ನಡುವೆ ಕುಳಿತು ಚಹಾ ಕೇಳುವುದು. ಅವರು ಮುದುಡಿಕೊಂಡು ಸರಿದರೆ, “ಸರೀಬ್ಯಾಡ್ರಿ, ಹತ್ತು ಗಂಟಿತನಕ ನಾನೂ ಗಂಡಸೇ. ಪಂಚಾಯತಿ ಬರಕೊಟ್ಟದ,” ಎನ್ನುತ್ತಿದ್ದಳು. ಸಂಜೆ ರುಮಾಲು ತೆಗೆದು, ಸೆರಗು ಹೊದ್ದು, ಕೆಳಗಿನ ಓಣಿಗೆ ಹೋಗುತ್ತಿದ್ದಳು. ಹಂಪಣ್ಣ ಅವಳನ್ನು ಕಂಡರೆ ಬೇರೆ ಓಣಿ ಹಿಡಿಯತೊಡಗಿದ.

ಅಷ್ಟರಲ್ಲಿ ಗ್ರಾಮಸಭೆ ಬಂತು. ಶಾಲೆಯ ಬೇವಿನ ಮರದ ಕೆಳಗೆ ಎರಡು ಜಮಖಾನೆ. ಬಲಕ್ಕೆ ಗಂಡಸರು, ಎಡಕ್ಕೆ ನಾವು, ನಡುವೆ ಮೊಳದಷ್ಟು ಜಾಗ. ಮಲ್ಲಾಬಾಯಿ ರುಮಾಲನ್ನು ಕೈಯಲ್ಲಿ ಹಿಡಿದು ಬಂದವಳೇ ಆ ನಡುವಿನ ಜಾಗದಲ್ಲಿ ನಿಂತುಬಿಟ್ಟಳು.

“ಸಾಹೇಬ್ರ, ನಾ ಯಾವ ಕಡಿ ಕುಂದರ್ಲಿ?”

“ಹೆಣ್ಮಕ್ಕಳ ಕಡಿ ಕುಂದರವ್ವ. ಇದನ್ನೇನು ಕೇಳ್ತಿ?” ಎಂದ ಹಂಪಣ್ಣ.

“ಈ ಕಡಿ ಕುಂತ್ರ ಮುಂಜಾನಿ ಪಗಾರ ತಪ್ಪಾಗ್ತದ. ಆ ಕಡಿ ಕುಂತ್ರ ಸಂಜಿ ಪಗಾರ ತಪ್ಪಾಗ್ತದ. ಬರದವ್ರು ನೀವು, ನೀವೇ ಹೇಳ್ರಿ.”

ಎರಡೂ ಜಮಖಾನೆ ಹೊಟ್ಟೆ ಹಿಡಿದು ನಕ್ಕವು. ಹಂಪಣ್ಣನ ಮುಖ ಕೆಂಪಾಯಿತು. “ಇದು ಮೊದಲಿಂದ ಬಂದದ್ದವ್ವ. ಹೊಲದಾಗೂ ಹೆಣ್ಣಾಳಿಗಿ ಕಮ್ಮಿ ಇಲ್ಲೇನು?”

ಮಲ್ಲಾಬಾಯಿ ನಗಲಿಲ್ಲ. “ಒಂಬತ್ತು ವರ್ಷ ಆತ್ರಿ. ಮಗಳನ್ನ ದವಾಖಾನ್ಯಾಗ ಇಟ್ಟ ದಿನಾನೂ ಕೆಳಗಿನ ಓಣಿಗಿ ನೀರು ತಪ್ಪಿಸಿಲ್ಲ. ನನ್ನ ನೀರು ಮರಿಲಿಂಗಣ್ಣನ ನೀರಿಗಿಂತ ಕಮ್ಮಿ ಸೀ ಅದ ಏನ್ರಿ? ನನಗ ಭಾಳ ಬ್ಯಾಸರ ಆಗ್ಯದ.”

ನಗುತ್ತಿದ್ದವರೆಲ್ಲ ಅಧ್ಯಕ್ಷೆಯ ಕುರ್ಚಿಯ ಕಡೆ ತಿರುಗಿದರು. ನಮ್ಮ ಅಧ್ಯಕ್ಷೆ ಭೀಮಾಬಾಯಿ. ಮೀಸಲಾತಿಯಲ್ಲಿ ಆರಿಸಿ ಬಂದವಳು, ಅಲ್ಲಿಯವರೆಗೆ ಯಾವ ಸಭೆಯಲ್ಲೂ ಬಾಯಿ ತೆರೆದವಳಲ್ಲ. ಅವಳ ಪರವಾಗಿ ಗಂಡ ಅಮಾತೆಪ್ಪ ಮಾತಾಡುವುದು ರೂಢಿ. ಅಂದೂ ಅವನು ಕುರ್ಚಿಯ ಹಿಂದಿನಿಂದ ಗಂಟಲು ಸರಿಮಾಡಿಕೊಂಡ. ಭೀಮಾಬಾಯಿ ತಿರುಗಿ ನೋಡದೆಯೇ ಕೈ ಎತ್ತಿ ಅವನನ್ನು ತಡೆದಳು.

“ಸೆಕ್ರೆಟರಿ, ನನ್ನಕಿಂತ ಮೊದಲಿದ್ದ ಅಧ್ಯಕ್ಷರು ಗಂಡಸರು. ಅವರಿಗೆ ಗೌರವಧನ ಎಷ್ಟು ಕೊಡ್ತಿದ್ರಿ?”

“ಈಗ ನಿಮಗ ಕೊಡೋವಷ್ಟೇ ರೀ.”

“ನಾ ಹೆಣ್ಮಗಳು. ನನಗ್ಯಾಕ ಕಮ್ಮಿ ಮಾಡಿಲ್ಲ?”

“ಅದು ಕುರ್ಚಿಗಿ ಕೊಡೋದ್ರಿ ಅಕ್ಕಾರ, ಗಂಡು ಹೆಣ್ಣು ನೋಡಿ ಅಲ್ಲ,” ಅಂದ ಹಂಪಣ್ಣ. ಅಂದವನೇ ತನ್ನ ಮಾತು ತನಗೇ ಕೇಳಿಸಿದಂತೆ ಎದುರಿನ ವಹಿಯ ಮೇಲೆ ಬಗ್ಗಿದ.

“ಹಂಗಾದ್ರ ಚಾವಿಗೂ ಹಂಗೇ ಬರಕೋರಿ,” ಎಂದಳು ಭೀಮಾಬಾಯಿ.

ನಾನು ಜಮಖಾನೆಯ ಮೇಲೆ ಎದ್ದು ನಿಂತು ಚಪ್ಪಾಳೆ ಹೊಡೆದೆ. ನಾಚಿಕೆಯೇನೂ ಆಗಲಿಲ್ಲ. ಮುಂದಿನ ಪಂಚಾಯತಿ ಮೀಟಿಂಗಿನಲ್ಲಿ ಹಳೆಯ ಠರಾವು ರದ್ದಾಯಿತು. ಹಂಪಣ್ಣ ಹೊಸದನ್ನು ತನ್ನ ಕೈಯಾರೆ ಬರೆದ.

ಯುಗಾದಿಯ ಮುಂದೆ ಮರಿಲಿಂಗ ಕೋಲೂರಿಕೊಂಡು ಕೆಲಸಕ್ಕೆ ಬಂದ. ಮಲ್ಲಾಬಾಯಿ ಸಂಜೆಯ ಪಾಳಿಗೆ ಮರಳಿದಳು. ತಿಂಗಳು ತುಂಬಿ ಪಗಾರವಾದ ದಿನ, ಗಿರಣಿಯ ಮುಂದೆಯೇ ಅವನನ್ನು ನಿಲ್ಲಿಸಿ, ಒಗೆದು ಮಡಚಿಟ್ಟ ರುಮಾಲನ್ನು ಅವನ ಕೈಗಿಟ್ಟಳು.

“ಇರಲಿ ಇಟ್ಕೊ ತಂಗಿ, ನಿನಗ ಒಪ್ತಿತ್ತು,” ಅಂದ ಮರಿಲಿಂಗ.

“ಬ್ಯಾಡಣ್ಣ,” ಅಂದಳು ಮಲ್ಲಾಬಾಯಿ, ತಲೆಯ ಮೇಲಿನ ಸೆರಗು ಸರಿಮಾಡಿಕೊಳ್ಳುತ್ತ. “ಈ ತಿಂಗಳ ದಿನಕ್ಕ ಪೂರಾ ಐದುನೂರು ಸೆರಗಿಗೇ ಬಂದದ.”